ಮನೆ ಕಟ್ಟಿ ನೋಡು, ಮನೆ ಎಳೆದು ನೋಡು!

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. ಈ ಎರಡೂ ಪರೀಕ್ಷೆಗಳಲ್ಲಿ ಪಾಸಾಗಿ ನಿಟ್ಟುಸಿರು ಬಿಟ್ಟವರಿಗಾಗಿ ಅಮೆರಿಕದ ಜನ ಮೂರನೆಯದೊಂದು ಪರೀಕ್ಷೆಯನ್ನು ಕಂಡುಹಿಡಿದಿದ್ದಾರೆ. ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಊರಿಂದೂರಿಗೆ ಎಳೆದು ನೋಡುವುದು! ಇದಕ್ಕೆ ಅಲ್ಲಿ 'ಟ್ರಾವೆಲ್ ಟ್ರೇಲರ್' ಎಂದು ಹೆಸರು. ಇಪ್ಪತ್ತರಿಂದ ಮೂವತ್ತು ಅಡಿ ಉದ್ದದ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು, ಪಾಯಿಖಾನೆ, ಏ.ಸಿ. ಎಲ್ಲವೂ ಉಂಟು. ಇಲ್ಲದ್ದು ಎಂಜಿನ್ ಒಂದೇ. ಅದನ್ನು ಎಳೆಯಲು ಮುಂದೆ ದಷ್ಟಪುಷ್ಟವಾದ ಒಂದು ಪಿಕಪ್ ಟ್ರಕ್ ಅಥವಾ ದೊಡ್ಡ ಜೀಪು ಬೇಕು.

ಜಾಹೀರಾತಿನ ಚಿತ್ರಗಳಲ್ಲಿ ಇದು ಸ್ವರ್ಗ. ಸರೋವರದ ದಂಡೆ, ದೇವದಾರು ಮರಗಳು, ಮಡಚುವ ಕುರ್ಚಿಯಲ್ಲಿ ಕೂತು ಕಾಫಿ ಹೀರುವ ಅಪ್ಪ, ಬೆಂಕಿಯ ಸುತ್ತ ಮಕ್ಕಳು. ಆದರೆ ದೂರದ ಬೆಟ್ಟ ನುಣ್ಣಗೆ. ಆ ಕುರ್ಚಿಯಲ್ಲಿ ಕೂರುವ ಮೊದಲು ಆ ಅಪ್ಪ ಒಂದು ಗಂಟೆ ಗಾಡಿಯನ್ನು ಹಿಂದೆ ಮುಂದೆ ಮಾಡಿದ್ದು, ನಲ್ಲಿಯ ಕೊಳವೆ ಗಿಡ್ಡವಾದದ್ದು, ಫ್ಯೂಸ್ ಹೋದದ್ದು, ಗಂಡ ಹೆಂಡತಿ ಮಾತು ಬಿಟ್ಟದ್ದು ಯಾವ ಚಿತ್ರದಲ್ಲೂ ಬರುವುದಿಲ್ಲ.

ನಮಗೇಕೆ ಈ ಪುರಾಣ ಎನ್ನುವಿರೇನೋ. ಮಗನೋ ಮಗಳೋ ಅಮೆರಿಕದಲ್ಲಿ ಕೆಲಸಕ್ಕಿರುವ ಮನೆಗಳು ಈಗ ನಮ್ಮ ಸಣ್ಣ ಊರುಗಳಲ್ಲೂ ಇವೆ. ಬೇಸಿಗೆಯಲ್ಲಿ ಅಪ್ಪ ಅಮ್ಮ ಅಲ್ಲಿಗೆ ಹೋದಾಗ, 'ಈ ಸಲ ಬಾಡಿಗೆ ಟ್ರೇಲರ್ ತೆಗೆದುಕೊಂಡು ಯೆಲ್ಲೊಸ್ಟೋನ್ ನೋಡಿ ಬರೋಣ' ಎಂಬ ಉತ್ಸಾಹ ಮಕ್ಕಳಿಗೆ ಬರುವುದುಂಟು. ಹಾಗೆ ಹೊರಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ವಿದ್ಯಾರ್ಥಿ ಮಿತ್ರರಿಗೋ, ಪಠ್ಯಪುಸ್ತಕದ ಸನ್ನೆ, ಉಷ್ಣ, ವಿದ್ಯುತ್ ಪಾಠಗಳೆಲ್ಲ ಒಂದೇ ಗಾಡಿಯಲ್ಲಿ ಸಾಲಾಗಿ ಪ್ರಯಾಣ ಮಾಡುವುದು ಇಲ್ಲಿ ಕಾಣಿಸುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರೇಲರ್ ಪ್ರವಾಸದ ತಾಪತ್ರಯಗಳಲ್ಲಿ ಬಹುಪಾಲು ದಾರಿಯಲ್ಲಿ ಹುಟ್ಟುವಂಥವಲ್ಲ. ಗಾಡಿಗೂ ಬಿಡಾರ ಹೂಡುವ ಜಾಗಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡದೆ ಮನೆಯಲ್ಲಿ ಕೂತು ಜಾಗ ಕಾದಿರಿಸಿದ ದಿನವೇ ಅವು ಹುಟ್ಟಿರುತ್ತವೆ.

ಮಳೆಯಲ್ಲಿ ಹುಟ್ಟಿದ ಗಾಡಿ

ಈ ಗಾಡಿಯ ಇತಿಹಾಸದಲ್ಲೇ ಒಂದು ತಾಪತ್ರಯದ ಕಥೆ ಇದೆ. 1929ರಲ್ಲಿ ಡೆಟ್ರಾಯ್ಟ್ ಕಡೆಯ ಬ್ಯಾಕ್ಟೀರಿಯಾ ವಿಜ್ಞಾನಿ ಆರ್ಥರ್ ಶೆರ್ಮನ್ ಹೆಂಡತಿ ಮಕ್ಕಳೊಂದಿಗೆ ರಜೆಗೆ ಹೊರಟರು. ಕಾರಿನ ಹಿಂದೆ ಇದ್ದದ್ದು ಆ ಕಾಲದ ಮಡಚುವ ಟೆಂಟ್ ಗಾಡಿ. ನಿಮಿಷಗಳಲ್ಲಿ ಬಿಚ್ಚಿ ನಿಲ್ಲಿಸಬಹುದೆಂದು ಮಾರಿದವರು ಹೇಳಿದ್ದರು. ಮಳೆ ಬಂತು. ಟೆಂಟ್ ಮಾತ್ರ ಏಳಲಿಲ್ಲ. ಎಲ್ಲರೂ ತೊಯ್ದು ತೊಪ್ಪೆಯಾದರು. ಊರಿಗೆ ಮರಳಿದ ಶೆರ್ಮನ್, ಬಿಚ್ಚುವ ಕಟ್ಟುವ ರಗಳೆಯೇ ಇಲ್ಲದ, ಗಟ್ಟಿ ಗೋಡೆಯ ಪೆಟ್ಟಿಗೆಯಂಥ ಗಾಡಿಯೊಂದನ್ನು ಮಾಡಿಸಿಕೊಂಡರು. ನೋಡಿದವರು ನಮಗೂ ಬೇಕೆಂದರು. 'ಕವರ್ಡ್ ವ್ಯಾಗನ್' ಎಂಬ ಅವರ ಕಂಪನಿ 1930ರ ದಶಕದಲ್ಲಿ ಆ ದೇಶದ ಅತಿ ದೊಡ್ಡ ಟ್ರೇಲರ್ ಕಂಪನಿಗಳಲ್ಲಿ ಒಂದಾಯಿತು.

ಅದೇ ದಶಕದಲ್ಲಿ ವಾಲಿ ಬಯಮ್ ಎಂಬಾತ ವಿಮಾನದ ಮೈಯಂತೆ ಅಲ್ಯೂಮಿನಿಯಂ ತಗಡು ಹೊದಿಸಿದ 'ಏರ್‌ಸ್ಟ್ರೀಮ್' ಗಾಡಿಗಳನ್ನು ತಂದರು. ಇದರ ಬಗ್ಗೆ ಒಂದು ಸ್ವಾರಸ್ಯವಿದೆ. 1969ರ ಜುಲೈನಲ್ಲಿ ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ, ಚಂದ್ರನಿಂದ ಯಾವುದಾದರೂ ರೋಗಾಣು ಬಂದಿದ್ದೀತೆಂಬ ಮುನ್ನೆಚ್ಚರಿಕೆಯಿಂದ, ಹಡಗಿನ ಮೇಲೆ ಒಂದು ಬಿಗಿಯಾದ ಕೋಣೆಯಲ್ಲಿ ಇರಿಸಿದರಷ್ಟೆ. ಆ ಕೋಣೆ ಬೇರೆ ಯಾವುದೂ ಅಲ್ಲ, ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರ್! ಅಧ್ಯಕ್ಷ ನಿಕ್ಸನ್ ಅದರ ಕಿಟಕಿಯ ಹೊರಗೆ ನಿಂತು ಅವರೊಂದಿಗೆ ಮಾತಾಡಿದರು.

ಮೂಕಿಯ ಭಾರ

ಟ್ರೇಲರಿನ ಮೊದಲ ಪಾಠ ನಮ್ಮ ಎತ್ತಿನ ಗಾಡಿಯವರಿಗೆ ಕರತಲಾಮಲಕ. ಗಾಡಿಗೆ ಹುಲ್ಲು ಹೇರುವಾಗ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯನ್ನು ಮೇಲಕ್ಕೆ ಎಳೆಯುತ್ತದೆ. ಮುಂದೆ ಹೆಚ್ಚಾದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಹದ ತಿಳಿದ ರೈತ ಹೊರೆಯನ್ನು ಹಿಂದೆ ಮುಂದೆ ಸರಿಸಿ ಸರಿದೂಗಿಸುತ್ತಾನೆ.

ಟ್ರೇಲರಿನಲ್ಲೂ ಇದೇ ಲೆಕ್ಕ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಇರಬೇಕು. ಗಾಡಿ 2,500 ಕಿಲೋ ತೂಗಿದರೆ ಕೊಂಡಿಯ ಮೇಲೆ 250ರಿಂದ 375 ಕಿಲೋ. ಇದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ವೇಗ ಏರಿದಂತೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಒಂದು ಲಾರಿ ಪಕ್ಕದಲ್ಲಿ ಹಾದುಹೋದ ಗಾಳಿ ಸಾಕು. ತೂಗಾಟ ಬೆಳೆಯುತ್ತಾ ಹೋಗಿ ಮುಂದಿನ ವಾಹನವನ್ನೂ ತಿರುಗಿಸಿ ಬೀಳಿಸಬಲ್ಲದು. ಆಗ ಗಾಬರಿಯಿಂದ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಚಕ್ರವನ್ನು ನೇರವಾಗಿ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲನೆ ಒತ್ತಬೇಕು ಎಂಬುದು ಬಲ್ಲವರ ಸೂಚನೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಅಚ್ಚಿನಿಂದ ಕೊಂಡಿ 5 ಮೀಟರ್ ಮುಂದಿದೆ. ಅಚ್ಚಿನಿಂದ 2 ಮೀಟರ್ ಹಿಂದೆ 150 ಲೀಟರಿನ ನೀರಿನ ತೊಟ್ಟಿ ಇದೆ. ತೊಟ್ಟಿ ತುಂಬಿದರೆ ಕೊಂಡಿಯ ಭಾರ ಎಷ್ಟು ಇಳಿಯುತ್ತದೆ? ಸನ್ನೆಯ ನಿಯಮದಂತೆ 150ನ್ನು 2ರಿಂದ ಗುಣಿಸಿ 5ರಿಂದ ಭಾಗಿಸಿದರೆ 60 ಕಿಲೋ! ತಲುಪುವ ಜಾಗದಲ್ಲಿ ನಲ್ಲಿ ಇದೆ ಎಂದು ಖಚಿತವಾಗಿದ್ದರೆ ತೊಟ್ಟಿ ತುಂಬಿಸಿಕೊಂಡು ಹೊರಡುವ ಅಗತ್ಯವೇ ಇರಲಿಲ್ಲ. ನೋಡಿ, ಹೆದ್ದಾರಿಯಲ್ಲಿ ಗಾಡಿ ಸ್ಥಿರವಾಗಿರುವುದಕ್ಕೂ ರಾತ್ರಿ ತಂಗುವ ಜಾಗಕ್ಕೂ ಎಂಥ ನಂಟು!

ಘಟ್ಟ ಹತ್ತಿ ಇಳಿಯುವಾಗ

ಅಮೆರಿಕದ ಚೆಲುವಾದ ಬಿಡಾರಗಳಲ್ಲಿ ಅನೇಕವು ಬೆಟ್ಟದ ಮೇಲಿವೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾಧಾರಣ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 8,000 ಅಡಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಯಿತು. ಟರ್ಬೊ ಇದ್ದರೆ ನಷ್ಟ ಕಡಿಮೆ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಪೂರ್ವದ ಬಾಗಿಲು ಟಿಯೋಗ ಕಣಿವೆದಾರಿ. ಅದರ ಎತ್ತರ 9,945 ಅಡಿ. ಅಲ್ಲಿಂದ ಲೀ ವೈನಿಂಗ್ ಎಂಬ ಊರಿಗೆ ಸುಮಾರು 20 ಕಿಲೋಮೀಟರಿನಲ್ಲಿ ರಸ್ತೆ 900 ಮೀಟರಿಗೂ ಹೆಚ್ಚು ಇಳಿಯುತ್ತದೆ. ವಾಹನ ಮತ್ತು ಟ್ರೇಲರ್ ಸೇರಿ 6,000 ಕಿಲೋ ಎಂದಿಟ್ಟುಕೊಳ್ಳಿ. 900 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಸ್ಥಿತಿಶಕ್ತಿ ಸುಮಾರು 5 ಕೋಟಿ 29 ಲಕ್ಷ ಜೂಲ್. ಇಷ್ಟು ಶಕ್ತಿಯಿಂದ ಸುಮಾರು 170 ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಯವರೆಗೆ ಕಾಯಿಸಬಹುದು. ಒಂದು ಮದುವೆಮನೆಯ ಹಂಡೆ ನೀರು! ಈ ಶಾಖವನ್ನೆಲ್ಲ ಬ್ರೇಕಿನ ತಲೆಗೆ ಕಟ್ಟಿದರೆ ಅದು ಕಾದು ಹಿಡಿತ ಬಿಡುತ್ತದೆ. ಅದಕ್ಕೇ ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯಿಂದಲೇ, ನಿಧಾನವಾಗಿ ಇಳಿಯಬೇಕು. ಟ್ರೇಲರ್ ಎಳೆಯುವ ಹೊಸಬರು ಬಿಡಾರದ ಅಂದಚಂದ ನೋಡುವ ಮೊದಲು ಅಲ್ಲಿಗೆ ಹೋಗುವ ರಸ್ತೆಯ ಇಳಿಜಾರನ್ನು ನೋಡಬೇಕು.

ಕೆಲವು ರಸ್ತೆಗಳಿಗೆ ಟ್ರೇಲರಿಗೆ ಪ್ರವೇಶವೇ ಇಲ್ಲ. ಮೊಂಟಾನದ ಗ್ಲೇಸಿಯರ್ ಉದ್ಯಾನದ ಪ್ರಸಿದ್ಧ 'ಗೋಯಿಂಗ್ ಟು ದ ಸನ್' ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಹೋಗುವಂತಿಲ್ಲ. ಇದು ಎಳೆಯುವ ಕಾರು, ಟ್ರೇಲರ್ ಎರಡೂ ಸೇರಿದ ಉದ್ದ. ಉದ್ಯಾನದ ಪಶ್ಚಿಮದ ಬದಿಯಲ್ಲಿ ತಂಗಿ, ಪೂರ್ವಕ್ಕೆ ಇದೇ ದಾರಿಯಲ್ಲಿ ಟ್ರೇಲರ್ ಒಯ್ಯುತ್ತೇವೆಂದುಕೊಂಡವರು ಬೆಟ್ಟವನ್ನೆಲ್ಲ ಬಳಸಿ ಹೋಗಬೇಕಾಗುತ್ತದೆ.

ಹಿಂದಕ್ಕೆ ಹೋಗುವ ಕಲೆ

ಬಿಡಾರ ಸೇರಿದ ಮೇಲೆ ಶುರುವಾಗುವುದು ನಿಜವಾದ ನಾಟಕ. ಗಾಡಿಯನ್ನು ಹಿಂದಕ್ಕೆ ನಡೆಸಿ ನಮಗೆ ಕೊಟ್ಟ ಜಾಗದೊಳಗೆ ನಿಲ್ಲಿಸಬೇಕು. ಕಾರನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಕಾರಿನ ಹಿಂಭಾಗ ಅತ್ತ ಸರಿದಾಗ ಕೊಂಡಿಯೂ ಅತ್ತ ಸರಿಯುತ್ತದೆ, ಟ್ರೇಲರ್ ತನ್ನ ಚಕ್ರಗಳ ಸುತ್ತ ತಿರುಗಿ ಇತ್ತ ಬರುತ್ತದೆ. ಕಾರಣ ತಿಳಿದರೂ ಕೈಗೆ ಅಭ್ಯಾಸವಾಗಲು ಕಾಲ ಬೇಕು. ಇದಕ್ಕೊಂದು ಸುಲಭೋಪಾಯವಿದೆ. ಸ್ಟಿಯರಿಂಗ್ ಚಕ್ರದ ತಳಭಾಗದಲ್ಲಿ ಕೈ ಇಡಿ. ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ. ಒಮ್ಮೆಗೆ ಸ್ವಲ್ಪವೇ ಸರಿಸಿ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಹೇಳಿದ: 'ಸಾರ್, ನನ್ನ ಹೆಂಡತಿ ಹಿಂದೆ ನಿಂತು ಎಡಕ್ಕೆ ಅಂತಾಳೆ. ಯಾರ ಎಡಕ್ಕೆ, ಅವಳ ಎಡಕ್ಕೋ ನನ್ನ ಎಡಕ್ಕೋ? ಮುಕ್ಕಾಲು ಗಂಟೆ ಆಯ್ತು. ಅಕ್ಕಪಕ್ಕದವರೆಲ್ಲ ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿದ್ರು.' ನಾನು ಅವನಿಗೆ ಹೇಳಿದ್ದು ಇಷ್ಟೆ: 'ಮುಂದಿನ ಸಲ ಎಡ ಬಲ ಅನ್ನಬೇಡಿ. ಚಾಲಕನ ಕಡೆ, ಇನ್ನೊಂದು ಕಡೆ ಅಂತ ಹೇಳಿಕೊಳ್ಳಿ.' ದಿಕ್ಕು ಸಾಪೇಕ್ಷ ಎಂದು ಒಂಬತ್ತನೇ ತರಗತಿಯಲ್ಲಿ ಬರೆಸಿದ್ದನ್ನು ಅವನು ಅಲ್ಲಿ ಅನುಭವಿಸಿ ಕಲಿತ.

ಈ ಪಜೀತಿಯನ್ನು ಪೂರ್ತಿ ತಪ್ಪಿಸುವ ಉಪಾಯವೂ ಇದೆ. ಅನೇಕ ಕ್ಯಾಂಪ್‌ಗ್ರೌಂಡುಗಳಲ್ಲಿ ಒಂದು ಕಡೆಯಿಂದ ಒಳಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳುವ 'ಪುಲ್ ಥ್ರೂ' ಜಾಗಗಳಿರುತ್ತವೆ. ಸ್ವಲ್ಪ ಹೆಚ್ಚು ಬಾಡಿಗೆಯಾದರೂ ಹೊಸಬರು ಅದನ್ನೇ ಕೇಳಿ ಪಡೆಯಬೇಕು.

ರಸಮಟ್ಟ ಮತ್ತು ಫ್ರಿಜ್

ನಿಲ್ಲಿಸಿಯಾಯಿತು. ನೆಲ ಒಂದು ಕಡೆ ವಾಲಿದೆ. ಮಲಗಿದರೆ ತಲೆ ಕೆಳಗೆ, ಕಾಲು ಮೇಲೆ. ಗಾರೆ ಕೆಲಸದವರಂತೆ ರಸಮಟ್ಟ ಇಟ್ಟು ನೋಡಿ, ತಗ್ಗಿನ ಕಡೆಯ ಚಕ್ರದ ಕೆಳಗೆ ಹಲಗೆ ಕೊಟ್ಟು ಮೊದಲು ಅಡ್ಡಮಟ್ಟ ಸರಿಮಾಡಬೇಕು. ಚಕ್ರಗಳಿಗೆ ಅಡೆ ಕೊಟ್ಟ ಮೇಲೆಯೇ ಕೊಂಡಿ ಕಳಚಿ, ಮುಂದಿನ ಜಾಕ್‌ನಿಂದ ಹಿಂದುಮುಂದಿನ ಮಟ್ಟ ಸರಿಮಾಡಬೇಕು. ಈ ಕ್ರಮ ತಪ್ಪಿದರೆ ಗಾಡಿ ಉರುಳಿ ಹೋದೀತು.

ಮಟ್ಟ ನಿದ್ರೆಗಷ್ಟೇ ಅಲ್ಲ, ಫ್ರಿಜ್ಜಿಗೂ ಬೇಕು. ಬಹಳಷ್ಟು ಟ್ರೇಲರುಗಳಲ್ಲಿರುವ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ. ಗ್ಯಾಸಿನ ಪುಟ್ಟ ಜ್ವಾಲೆಯಿಂದಲೇ ಅದು ತಂಪು ಮಾಡುತ್ತದೆ! ಬೆಂಕಿಯಿಂದ ಹಿಮವೇ ಎಂದು ಮಕ್ಕಳು ಕೇಳಿಯಾರು. ಜ್ವಾಲೆ ಅಮೋನಿಯ ದ್ರಾವಣವನ್ನು ಕಾಯಿಸುತ್ತದೆ. ಹೊರಟ ಅಮೋನಿಯ ಅನಿಲ ಮೇಲಿನ ಕೊಳವೆಯಲ್ಲಿ ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಶಾಖವನ್ನು ಹೀರುತ್ತದೆ, ಕೊನೆಗೆ ನೀರಿನಲ್ಲಿ ಕರಗಿ ಕೆಳಗೆ ಬರುತ್ತದೆ. ಈ ಯಂತ್ರವನ್ನು 1922ರಲ್ಲಿ ರೂಪಿಸಿದವರು ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್. ಇದೇ ಜಾತಿಯ ಇನ್ನೊಂದು ಫ್ರಿಜ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಯಾರೆಂದು ಬಲ್ಲಿರಾ? ಐನ್‌ಸ್ಟೈನ್ ಮತ್ತು ಜಿಲಾರ್ಡ್! ಇಂಥ ಫ್ರಿಜ್‌ನಲ್ಲಿ ದ್ರವ ಹರಿಯುವುದು ಗುರುತ್ವದಿಂದ ಮಾತ್ರ. ಗಾಡಿ ವಾಲಿ ನಿಂತರೆ ದ್ರವ ಅಲ್ಲಲ್ಲೇ ನಿಂತು, ಕಾಯಿಸುವ ಭಾಗ ಮಿತಿಮೀರಿ ಕಾದು ಕೆಡುತ್ತದೆ. ಹೊಸ ಗಾಡಿಗಳಲ್ಲಿ ಬ್ಯಾಟರಿಯ ಕಂಪ್ರೆಸರ್ ಫ್ರಿಜ್ ಬರುತ್ತಿದೆ. ಅದಕ್ಕೆ ಮಟ್ಟದ ಚಿಂತೆ ಕಡಿಮೆ, ಬ್ಯಾಟರಿಯ ಚಿಂತೆ ಹೆಚ್ಚು. ಯಾವುದಾದರೂ ಸರಿ, ಜಾಗ ಕಾದಿರಿಸುವಾಗ 'ನೆಲ ಮಟ್ಟಸವಾಗಿದೆಯೇ' ಎಂದು ಕೇಳುವುದು ಲೇಸು.

ಮೂರು ತೊಟ್ಟಿಗಳ ಕಥೆ

ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಬಚ್ಚಲಿನಲ್ಲಿ ಬಿಟ್ಟರೆ ಹೋಗುತ್ತದೆ. ಎಲ್ಲಿಂದ, ಎಲ್ಲಿಗೆ ಎಂದು ನಾವು ಯೋಚಿಸುವುದಿಲ್ಲ. ಟ್ರೇಲರ್ ಅದನ್ನು ಯೋಚಿಸುವಂತೆ ಮಾಡುತ್ತದೆ. ಅಲ್ಲಿ ಮೂರು ತೊಟ್ಟಿಗಳು: ಒಳ್ಳೆಯ ನೀರಿಗೊಂದು, ಸ್ನಾನ ಮತ್ತು ಪಾತ್ರೆಯ ನೀರಿಗೊಂದು, ಪಾಯಿಖಾನೆಗೊಂದು. ಒಳ್ಳೆಯ ನೀರಿನ ತೊಟ್ಟಿ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್ ಎಂದಿಟ್ಟುಕೊಳ್ಳಿ. ಶವರ್ ನಿಮಿಷಕ್ಕೆ 8 ಲೀಟರ್ ಸುರಿಯುತ್ತದೆ. ನಾಲ್ಕು ಜನ ಐದೈದು ನಿಮಿಷ ನಿಂತರೆ 160 ಲೀಟರ್. ಮೊದಲ ದಿನದ ಸ್ನಾನಕ್ಕೇ ತೊಟ್ಟಿ ಖಾಲಿ, ಕೊನೆಯವನ ತಲೆಯಲ್ಲಿ ಸೋಪು! ಹೋದ ನೀರು ಮಾಯವಾಗುವುದೂ ಇಲ್ಲ, ಪಕ್ಕದ ತೊಟ್ಟಿಯಲ್ಲಿ ತುಂಬಿ ನಿಂತಿರುತ್ತದೆ. ಒಂದು ಬಕೆಟ್, ಒಂದು ಚೊಂಬಿನಲ್ಲಿ ಸ್ನಾನ ಮುಗಿಸಿ ಬೆಳೆದ ನಮ್ಮ ತಂದೆತಾಯಂದಿರು ಇಂಥ ಪ್ರವಾಸಕ್ಕೆ ಅತ್ಯುತ್ತಮ ಅತಿಥಿಗಳು.

ಪಾಯಿಖಾನೆಯ ತೊಟ್ಟಿಯ ವಿಷಯ ಹೇಳಲು ಸಂಕೋಚವಾದರೂ ಹೇಳಲೇಬೇಕು. ಕೊಳವೆ ಜೋಡಿಸಿದ್ದೇವಲ್ಲ ಎಂದು ಅದರ ಕವಾಟವನ್ನು ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಪದಾರ್ಥ ತಳದಲ್ಲಿ ಗುಡ್ಡೆಯಾಗುತ್ತದೆ. ಮುಚ್ಚಿಟ್ಟು, ತುಂಬುತ್ತ ಬಂದಾಗ ಒಮ್ಮೆಲೇ ಬಿಡಬೇಕು. ಮೊದಲು ಅದು, ಆಮೇಲೆ ಸ್ನಾನದ ನೀರು. ಎರಡನೆಯದು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ.

ಇನ್ನು ವಿದ್ಯುತ್ತು. ಬಿಡಾರದ ಕಂಬದಲ್ಲಿ ಸಾಮಾನ್ಯವಾಗಿ ಸಿಗುವುದು 30 ಆಂಪಿಯರ್. ಅಲ್ಲಿನ 120 ವೋಲ್ಟಿನಿಂದ ಗುಣಿಸಿದರೆ 3,600 ವಾಟ್. ಏ.ಸಿ.ಗೆ 1,500, ಮೈಕ್ರೋವೇವ್‌ಗೆ 1,300, ಕಾಫಿಗೆ ನೀರು ಕಾಯಿಸುವ ಕೆಟಲ್‌ಗೆ 1,500 ಎಂದಾದರೆ ಒಟ್ಟು 4,300. ಮೂರನ್ನೂ ಒಟ್ಟಿಗೆ ಹಾಕಿದರೆ ಕತ್ತಲು ಖಂಡಿತ.

ಈ ಮೂರು ಸೌಕರ್ಯಗಳ (ನೀರು, ವಿದ್ಯುತ್, ಕೊಳಚೆ) ಜೋಡಣೆಗೆ ಅಲ್ಲಿ 'ಹುಕಪ್' ಎನ್ನುತ್ತಾರೆ. ಮೂರೂ ಇದ್ದರೆ ಪೂರ್ಣ ಹುಕಪ್. ಒಂದೆರಡು ಇದ್ದರೆ ಭಾಗಶಃ. ಯಾವುದೂ ಇಲ್ಲದಿದ್ದರೆ ನಿಮ್ಮ ತೊಟ್ಟಿ, ನಿಮ್ಮ ಬ್ಯಾಟರಿ, ನಿಮ್ಮ ಹಣೆಬರಹ. ಬ್ಯಾಟರಿ ತುಂಬಿಸಲು ಜನರೇಟರ್ ಇದೆಯಲ್ಲ ಎಂದರೆ ಅದಕ್ಕೂ ಗಂಟೆ ಗೊತ್ತುಮಾಡಿರುತ್ತಾರೆ. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಕಿಟಕಿಯ ಪಕ್ಕದಲ್ಲಿ ಜನರೇಟರ್ ಇಟ್ಟು ಮಲಗಿದರೆ ಪ್ರಾಣಕ್ಕೇ ಸಂಚಕಾರ. ಇದಕ್ಕಾಗಿ ಗಾಡಿಯಲ್ಲಿ ಎಚ್ಚರಿಸುವ ಗಂಟೆ ಇರುತ್ತದೆ, ಅದು ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮುಂಚೆ ಒತ್ತಿ ನೋಡಬೇಕು. ಅಡುಗೆಯ ಗ್ಯಾಸಿನ ಗಂಟೆಯನ್ನು ನೆಲದ ಹತ್ತಿರವೇ ಏಕೆ ಹಾಕಿರುತ್ತಾರೆ? ಪ್ರೊಪೇನಿನ ಅಣುಭಾರ 44, ಗಾಳಿಯದು ಸರಾಸರಿ 29. ಸೋರಿದ ಅನಿಲ ಕೆಳಗೇ ಮಡುಗಟ್ಟುತ್ತದೆ.

ಹೆಸರು ನೋಡಿ ಮೋಸ ಹೋಗಬೇಡಿ

ಇಷ್ಟು ತಿಳಿದ ಮೇಲೆ ಜಾಗ ಆರಿಸುವುದು ಸುಲಭ. ಅತ್ಯಂತ ಪ್ರಸಿದ್ಧ ಜಾಗ ಅತ್ಯಂತ ಅನುಕೂಲದ ಜಾಗವಲ್ಲ. ಯೊಸೆಮಿಟಿ ಉದ್ಯಾನದೊಳಗಿನ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಹುಕಪ್ ಇಲ್ಲ. ಹಾಗಿದ್ದೂ ಅದರ ಕಣಿವೆಯ ಬಿಡಾರಗಳು ತಿಂಗಳುಗಳ ಮೊದಲೇ, ಕಾದಿರಿಸಲು ಬಿಟ್ಟ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ದಂಡೆಯಲ್ಲಿ ಎರಡು ಬಿಡಾರಗಳು ಅಕ್ಕಪಕ್ಕದಲ್ಲಿವೆ. ಮಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ಹುಕಪ್ ಇಲ್ಲ, 30 ಅಡಿಗಿಂತ ಉದ್ದದ ಗಾಡಿಗೆ ಜಾಗವೂ ಇಲ್ಲ. ಟ್ರೇಲರ್ ವಿಲೇಜ್‌ನಲ್ಲಿ ಮೂರೂ ಸೌಕರ್ಯ ಉಂಟು. ಎರಡಕ್ಕೂ ವ್ಯತ್ಯಾಸ ತಿಳಿಯದೆ ಹೋದವರ ಪಾಡು ನೀವೇ ಊಹಿಸಿ.

ಯೆಲ್ಲೊಸ್ಟೋನ್ ಉದ್ಯಾನದೊಳಗೆ ಪೂರ್ಣ ಹುಕಪ್ ಇರುವುದು ಫಿಶಿಂಗ್ ಬ್ರಿಜ್ ಒಂದರಲ್ಲೇ. ಅಲ್ಲಿ ಗಟ್ಟಿ ಗೋಡೆಯ ಗಾಡಿಗೆ ಮಾತ್ರ ಪ್ರವೇಶ, ಬಟ್ಟೆಯ ಟೆಂಟಿಗೆ ಇಲ್ಲ. ಕಾರಣ, ಅದು ಗ್ರಿಜ್ಲಿ ಕರಡಿಗಳ ಓಡಾಟದ ಸೀಮೆ. ಸುಮಾರು 2,350 ಮೀಟರ್ ಎತ್ತರದ ಆ ಜಾಗದಲ್ಲಿ ನೀರು ಸುಮಾರು 92 ಡಿಗ್ರಿಯಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವ ಹೊತ್ತಿಗೆ ಹಸಿವು ಸತ್ತಿರುತ್ತದೆ. ನಮ್ಮವರು ಸೂಟ್‌ಕೇಸಿನಲ್ಲಿ ಹೊತ್ತೊಯ್ಯುವ ಪ್ರೆಷರ್ ಕುಕ್ಕರಿನ ಬೆಲೆ ತಿಳಿಯುವುದು ಅಲ್ಲೇ.

ಖಾಸಗಿ ಬಿಡಾರಗಳಲ್ಲಿ ಸೌಕರ್ಯ ಹೆಚ್ಚು. ಆದರೆ ಅವರ ಚಿತ್ರಗಳು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಹಿಂದುಗಡೆ ರೈಲುಹಳಿ ಇದೆಯೇ ಎಂದು ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಅಮೆರಿಕದ ನಿಯಮದಂತೆ ಲೆವೆಲ್ ಕ್ರಾಸಿಂಗಿಗೆ ಕನಿಷ್ಠ 15 ಸೆಕೆಂಡು ಮೊದಲಿನಿಂದ ರೈಲು ಹಾರ್ನ್ ಹೊಡೆಯಬೇಕು. ಕೆಲವು ಊರುಗಳಿಗೆ ವಿನಾಯಿತಿ ಉಂಟು, ಉಳಿದೆಡೆ ಮಧ್ಯರಾತ್ರಿಯೂ ಈ ಸೇವೆ ತಪ್ಪದು.

ನದಿಯ ದಂಡೆ ಎಂಬ ಆಸೆ

ಇದುವರೆಗೆ ಹೇಳಿದ್ದು ತಾಪತ್ರಯ. ಇನ್ನು ಹೇಳುವುದು ಜೀವದ ಮಾತು. ಬಿಡಾರದಲ್ಲಿ ಎಲ್ಲರೂ ಮೊದಲು ಕೇಳುವುದು ನೀರಿನ ಅಂಚಿನ ಜಾಗವನ್ನೇ.

1996ರ ಆಗಸ್ಟ್ 7ರಂದು ಸ್ಪೇನಿನ ಪಿರನೀಸ್ ಪರ್ವತದ ತಪ್ಪಲಿನ ಬಿಯೆಸ್ಕಾಸ್ ಬಳಿ, ಟೆಂಟು ಮತ್ತು ಟ್ರೇಲರುಗಳು ತುಂಬಿದ್ದ ಕ್ಯಾಂಪ್‌ಗ್ರೌಂಡಿನ ಮೇಲೆ ಸಂಜೆಯ ಮಳೆಗೆ ಹಳ್ಳ ಉಕ್ಕಿ ಬಂತು. 87 ಜನ ಸತ್ತರು. ಆ ಜಾಗ ನೋಡಲು ಸಮತಟ್ಟಾಗಿ, ಹಸಿರಾಗಿ ಇತ್ತು. ಅದು ಅಷ್ಟು ಸಮತಟ್ಟಾದದ್ದು ಹೇಗೆ? ಬೆಟ್ಟದ ಹಳ್ಳವೊಂದು ಬಯಲಿಗೆ ಇಳಿಯುವಲ್ಲಿ ಕಲ್ಲುಮಣ್ಣು ತಂದು ಬೀಸಣಿಗೆಯಾಕಾರದಲ್ಲಿ ಹರಡುತ್ತದೆ. ಭೂಗೋಳದ ಪುಸ್ತಕದಲ್ಲಿ ಮೆಕ್ಕಲು ಬೀಸಣಿಗೆಯ ಚಿತ್ರ ನೋಡಿದ್ದೀರಿ. ಬಿಡಾರ ಇದ್ದದ್ದು ಅದರ ಮೇಲೆ. ಆ ನೆಲವನ್ನು ಹಳ್ಳವೇ ಹರಡಿತ್ತು, ಅದೇ ಮತ್ತೆ ಬಂತು.

2025ರ ಜುಲೈ 4ರ ಮುಂಜಾವಿಗೆ ಮುನ್ನ ಟೆಕ್ಸಾಸಿನ ಗ್ವಾಡಲೂಪ್ ನದಿ ಸುಮಾರು 45 ನಿಮಿಷಗಳಲ್ಲಿ 26 ಅಡಿ ಏರಿತು. ಅದು ಅಮೆರಿಕದ ಸ್ವಾತಂತ್ರ್ಯ ದಿನದ ರಜೆ. ದಂಡೆಯ ಟ್ರೇಲರ್ ಬಿಡಾರಗಳೂ ಮಕ್ಕಳ ಶಿಬಿರವೂ ತುಂಬಿದ್ದವು. ಗಾಡಿಗಳು ಜನರೊಂದಿಗೆ ತೇಲಿಹೋದವು. ಆ ದಿನಗಳ ನೆರೆಯಲ್ಲಿ ಆ ಸೀಮೆಯಲ್ಲಿ ಒಟ್ಟು 130ಕ್ಕೂ ಹೆಚ್ಚು ಮಂದಿ ಸತ್ತರು. ಟ್ರೇಲರ್ ಭಾರವಾಗಿದೆ, ತೇಲದು ಎಂದುಕೊಳ್ಳುವವರಿಗೆ ಆರ್ಕಿಮಿಡೀಸನನ್ನು ನೆನಪಿಸಬೇಕು. 8 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಪೆಟ್ಟಿಗೆಯ ತಳ ಕೇವಲ 15 ಸೆಂಟಿಮೀಟರ್ ನೀರಿನಲ್ಲಿ ಮುಳುಗಿದರೆ, ನೀರು ಒಳನುಗ್ಗುವ ಮೊದಲು ಅದು ಪಕ್ಕಕ್ಕೆ ತಳ್ಳುವ ನೀರು 3,000 ಕಿಲೋ. ಅಷ್ಟೇ ಬಲ ಗಾಡಿಯನ್ನು ಮೇಲಕ್ಕೆತ್ತುತ್ತದೆ.

ಎಲ್ಲ ಅಪಾಯವನ್ನೂ ಮೊದಲೇ ಅರಿಯಲಾಗದು ಎಂಬುದೂ ನಿಜ. 1959ರ ಆಗಸ್ಟ್ 17ರ ರಾತ್ರಿ ಯೆಲ್ಲೊಸ್ಟೋನ್ ಪಕ್ಕದ ಹೆಬ್ಗೆನ್ ಸರೋವರದ ಬಳಿ ಭೂಕಂಪವಾಗಿ, ಗುಡ್ಡವೇ ಕುಸಿದು ಮ್ಯಾಡಿಸನ್ ನದಿಯ ಕಣಿವೆಯಲ್ಲಿ ಮಲಗಿದ್ದವರನ್ನು ಮುಚ್ಚಿತು. ಆ ಭೂಕಂಪಕ್ಕೆ ಒಟ್ಟು 28 ಜನ ಬಲಿಯಾದರು. ಅದನ್ನು ಯಾರೂ ಮುಂಗಾಣಲಾರರು. ಆದರೆ ನದಿ ಏರುವುದನ್ನು, ಒಣಗಿದ ಕೊಂಬೆ ಬೀಳುವುದನ್ನು ಮುಂಗಾಣಬಹುದು. ಬಂದ ಕೂಡಲೇ ತಲೆಯೆತ್ತಿ ಮರ ನೋಡುವುದು, ತಲೆತಗ್ಗಿಸಿ ನೀರಿನ ಹಳೆಯ ಗುರುತು ನೋಡುವುದು, ಎತ್ತರದ ಜಾಗಕ್ಕೆ ನಡೆದು ಹೋಗುವ ದಾರಿಯನ್ನು ಹಗಲಿನಲ್ಲೇ ಮಕ್ಕಳಿಗೆ ತೋರಿಸುವುದು, ಇವಕ್ಕೆ ಐದು ನಿಮಿಷ ಸಾಕು.

ಕಾದಿರಿಸುವ ಮುನ್ನ ಕೇಳಿ

ದುಡ್ಡು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಒಂದೆಡೆ ಕೊಡುತ್ತೇನೆ.

1. ನಮ್ಮ ಗಾಡಿಯ ಉದ್ದ, ಅಗಲ, ಎತ್ತರಕ್ಕೆ ಆ ಜಾಗವೂ ದಾರಿಯೂ ಸಾಲುತ್ತವೆಯೇ?

2. ನೀರು, ವಿದ್ಯುತ್, ಕೊಳಚೆ ಇವುಗಳಲ್ಲಿ ಯಾವುದು ಉಂಟು? ಎಷ್ಟು ಆಂಪಿಯರ್?

3. ಹಿಂದಕ್ಕೆ ನಡೆಸಿ ನಿಲ್ಲಿಸಬೇಕೇ, ನೇರ ಹಾದುಹೋಗಬಹುದೇ? ನೆಲ ಮಟ್ಟಸವೇ?

4. ದಾರಿಯ ಏರು ಇಳಿಜಾರು ಎಷ್ಟು? ಕತ್ತಲಾಗುವ ಮೊದಲು ತಲುಪಬಹುದೇ?

5. ನೆರಳು ಉಂಟೇ? ಸೌರಫಲಕ ನಂಬಿದವರಿಗಾದರೆ ಬಿಸಿಲು ಉಂಟೇ?

6. ನದಿಯಿಂದ ಎಷ್ಟು ಎತ್ತರದಲ್ಲಿದೆ? ಫೋನ್ ಸಂಪರ್ಕ ಸಿಗುತ್ತದೆಯೇ? ಇಲ್ಲದಿದ್ದರೆ ರಾತ್ರಿ ಎಚ್ಚರಿಕೆ ಕೊಡುವವರು ಯಾರು?

ಇವಕ್ಕೆಲ್ಲ ಉತ್ತರ ಮೆಚ್ಚುವಂತಿದ್ದರೆ ಮಾತ್ರ ಚಿತ್ರ ನೋಡಿ. ಚಿತ್ರ ನೋಡಿದ ಮೇಲೆ ಪ್ರಶ್ನೆ ಕೇಳುವ ಮನಸ್ಸು ಬರುವುದಿಲ್ಲ!

ಅಮೆರಿಕಕ್ಕೆ ಹೋಗದವರೂ ಈ ಪಾಠದ ಪ್ರಯೋಗವನ್ನು ಮನೆಯಲ್ಲೇ ಮಾಡಬಹುದು. ಒಂದು ಭಾನುವಾರ ಬೆಳಿಗ್ಗೆ 150 ಲೀಟರ್ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ. ಸ್ನಾನ, ಅಡುಗೆ, ಪಾತ್ರೆ, ಪಾಯಿಖಾನೆ ಎಲ್ಲಕ್ಕೂ ಅಷ್ಟೇ ನೀರು. ಯಾರು ಎಷ್ಟು ಬಳಸಿದರೆಂದು ಮಕ್ಕಳು ಪುಸ್ತಕದಲ್ಲಿ ಬರೆದಿಡಲಿ. ಸಂಜೆ ಎಲ್ಲರೂ ಕೂತು ಲೆಕ್ಕ ನೋಡಿ. ಅಪ್ಪನ ಶೇವಿಂಗಿಗೆ ಹೋದ ನೀರೆಷ್ಟು ಎಂಬ ಪ್ರಶ್ನೆ ಖಂಡಿತ ಏಳುತ್ತದೆ. ಉತ್ತರ ಹೇಳಲು ಅಪ್ಪಂದಿರು ಸಿದ್ಧರಾಗಿರಲಿ.